ಸೋತವರ ಬಿಲ್ ಕಟ್ಟಿದ್ದು ಯಾರು? ಶ್ರೀರಂಗಪಟ್ಟಣದ ಎರಡು ಒಪ್ಪಂದಗಳು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದ ಚರ್ಚೆಗೆ ಇಟ್ಟಿದ್ದ ವಿಷಯ ಇದು: ಯುದ್ಧದಲ್ಲಿ ಸೋತ ದೇಶದ ಮೇಲೆ ಗೆದ್ದವರು ಹೇರುವ ಶಾಂತಿ ಒಪ್ಪಂದ ನ್ಯಾಯವಾಗಿರೋಕೆ ಸಾಧ್ಯವಾ? ನಾನು ಎದ್ದು ನಿಂತು ಐದು ನಿಮಿಷ ವರ್ಸೇಲ್ಸ್ ಬಗ್ಗೆ ಮಾತಾಡಿದೆ. ಹತ್ತನೇ ಕ್ಲಾಸಲ್ಲಿ ಉರು ಹೊಡೆದಿದ್ದು ಇನ್ನೂ ತಲೆಯಲ್ಲಿತ್ತು. 1919, ಜರ್ಮನಿ, ಪರಿಹಾರದ ಹಣ, ಆಮೇಲೆ ಹಿಟ್ಲರ್. ಕೂತ ಮೇಲೆ ಫೈನಲ್ ಇಯರ್‌ನ ಸೀನಿಯರ್ ಒಬ್ಬರು ನಗ್ತಾ ಕೇಳಿದರು: "ಮೈಸೂರು ರೋಡಲ್ಲಿ ನಿಂತ್ಕೊಂಡು ಜರ್ಮನಿವರೆಗೂ ಯಾಕಪ್ಪಾ ಹೋಗ್ತೀಯ? ನಾಯಂಡಹಳ್ಳಿ ಸ್ಟೇಷನ್ನಲ್ಲಿ ಪ್ಯಾಸೆಂಜರ್ ಹತ್ತಿದ್ರೆ ಶ್ರೀರಂಗಪಟ್ಟಣ. ಅಲ್ಲಿ ಒಂದಲ್ಲ, ಎರಡು ಆಗಿದೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪಿಜಿಗೆ ವಾಪಸ್ ನಡ್ಕೊಂಡು ಬರುವಾಗ ಸ್ವಲ್ಪ ನಾಚಿಕೆ ಆಯ್ತು. ನಮ್ಮ ಸ್ಕೂಲ್ ಪುಸ್ತಕದಲ್ಲಿ ಶ್ರೀರಂಗಪಟ್ಟಣ ಒಪ್ಪಂದ ಅಂದ್ರೆ ಎರಡು ಅಂಕದ ಪ್ರಶ್ನೆ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ, ಇಬ್ಬರು ಮಕ್ಕಳು ಒತ್ತೆ, ಅಷ್ಟು ಬರೆದರೆ ಎರಡೂ ಅಂಕ ಸಿಕ್ಕಿಬಿಡುತ್ತೆ. ಅದು ನ್ಯಾಯವಾ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳ್ಕೊಂಡಿರಲಿಲ್ಲ. ಹಾಗಾಗಿ ಈ ಲೇಖನ. ನಾನು ಇತಿಹಾಸದ ವಿದ್ಯಾರ್ಥಿ ಅಲ್ಲ, ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದೂ ಇದೇ ಮೊದಲು. ತಪ್ಪಿದ್ದರೆ ಸಂಘದ ಗ್ರೂಪಲ್ಲಿ ಬೈಯಿರಿ.

ಮೊದಲು 1792. ಅದಕ್ಕಿಂತ ಎಂಟು ವರ್ಷ ಹಿಂದೆ, 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದ ಆಗಿತ್ತು. ಅದರಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಅವರು ಹಿಡಿದಿದ್ದು ಇವರಿಗೆ, ಇವರು ಹಿಡಿದಿದ್ದು ಅವರಿಗೆ, ಕೈದಿಗಳು ಅವರವರ ಮನೆಗೆ. ಕೇಳೋಕೆ ತುಂಬಾ ಸಮ ಸಮ. ಆದರೆ ಕಂಪನಿಯ ಎಷ್ಟೋ ಅಧಿಕಾರಿಗಳಿಗೆ ಇದು ಅವಮಾನ ಅನ್ನಿಸಿತ್ತು, ಸೇಡು ಬಾಕಿ ಇತ್ತು. 1789ರ ಡಿಸೆಂಬರ್‌ನಲ್ಲಿ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಕಂಪನಿಯ ಮಿತ್ರ. ಮೂರನೇ ಮೈಸೂರು ಯುದ್ಧ ಶುರು. ಕಂಪನಿಯ ಜೊತೆ ಮರಾಠರೂ ಹೈದರಾಬಾದಿನ ನಿಜಾಮನೂ ಸೇರಿಕೊಂಡರು.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೊರಟಾಗ ನಮ್ಮ ಈ ಕಡೆಯ ದಾರಿ ಬಿಟ್ಟು ಕಾನಕಾನಹಳ್ಳಿ, ಅಂದ್ರೆ ಇವತ್ತಿನ ಕನಕಪುರದ ಕಡೆಯಿಂದ ಹೋದ. ಚನ್ನಪಟ್ಟಣದ ದಾರಿಯನ್ನ ಟಿಪ್ಪು ಮೊದಲೇ ಬಂದ್ ಮಾಡಿಟ್ಟಿದ್ದ. ಮಳೆ ಬಂತು, ಗಾಡಿಯ ಎತ್ತುಗಳು ಸತ್ತವು, ದೊಡ್ಡ ಫಿರಂಗಿಗಳನ್ನ ತಾನೇ ಹಾಳು ಮಾಡಿ ವಾಪಸ್ ಬಂದ. ಆ ಡಿಸೆಂಬರ್‌ನಲ್ಲಿ ಸಾವನದುರ್ಗ ಬಿತ್ತು. ಹೌದು, ನಾವು ಭಾನುವಾರ ಬೆಳಿಗ್ಗೆ ಬೈಕಲ್ಲಿ ಹೋಗಿ ಹತ್ತಿ ಸ್ಟೇಟಸ್ ಹಾಕ್ತೀವಲ್ಲ, ಅದೇ ಸಾವನದುರ್ಗ. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ರಕ್ಷಣಾ ಸಾಲು ಮುರಿಯಿತು. ಅದೇ ತಿಂಗಳ ಕೊನೆಗೆ ಮೊದಲ ಕರಾರು, ಮಾರ್ಚ್ 18ಕ್ಕೆ ಪೂರ್ತಿ ಒಪ್ಪಂದ.

ಷರತ್ತುಗಳು ನಿಮಗೂ ಗೊತ್ತು. ಆದರೆ ಒಂದು ಸಲ ಕ್ಯಾಲ್ಕುಲೇಟರ್ ಹಿಡ್ಕೊಂಡು ನೋಡಿ. ಟಿಪ್ಪುವಿನ ರಾಜ್ಯದ ವರ್ಷದ ಕಂದಾಯ 2 ಕೋಟಿ 37 ಲಕ್ಷ ರೂಪಾಯಿ ಅಂತ ಲೆಕ್ಕ ಹಿಡಿದರು. ಅದರ ಅರ್ಧ, ಅಂದರೆ 1 ಕೋಟಿ 18.5 ಲಕ್ಷ ಕಂದಾಯ ಬರುವ ನೆಲ ಹೋಯಿತು. ಮೂವರೂ ಮಿತ್ರರಿಗೆ ತಲಾ 39.5 ಲಕ್ಷದ ಪಾಲು, ಒಬ್ಬರಿಗೂ ಹೆಚ್ಚುಕಮ್ಮಿ ಇಲ್ಲ. ಕಂಪನಿಗೆ ಮಲಬಾರ್, ಕೊಡಗು, ದಿಂಡಿಗಲ್, ಬಾರಾಮಹಲ್. ಮರಾಠರಿಗೆ ತುಂಗಭದ್ರೆಯವರೆಗೆ. ನಿಜಾಮನಿಗೆ ಕೃಷ್ಣೆಯಿಂದ ಪೆನ್ನಾರ್ ಕಡೆಗಿನ ನೆಲ. ತಮ್ಮ ತಮ್ಮೊಳಗೆ ಗೆದ್ದವರು ಎಷ್ಟು ನ್ಯಾಯವಾಗಿ ಹಂಚಿಕೊಂಡರು ನೋಡಿ! ಯಾರ ಮೇಲೆ ದಾಳಿ ಆಯ್ತು ಅಂತ ಯುದ್ಧ ಶುರುವಾಯ್ತೋ ಆ ತಿರುವಾಂಕೂರಿಗೆ ಮಾತ್ರ ಈ ಮೂರು ಪಾಲಲ್ಲಿ ಒಂದೂ ಇಲ್ಲ.

ಈಗ ದಂಡ: 3 ಕೋಟಿ 30 ಲಕ್ಷ. ಉಳಿದ ಅರ್ಧ ರಾಜ್ಯದ ವರ್ಷದ ಕಂದಾಯ 1.185 ಕೋಟಿ. ಭಾಗಿಸಿದರೆ ಸುಮಾರು 2.8. ಅಂದ್ರೆ ಸೈನ್ಯಕ್ಕೆ, ಅಧಿಕಾರಿಗಳಿಗೆ, ಕೆರೆಕಟ್ಟೆಗೆ, ಅರಮನೆಗೆ ಒಂದು ಪೈಸೆಯನ್ನೂ ಖರ್ಚು ಮಾಡದೆ ಎರಡೂಮುಕ್ಕಾಲು ವರ್ಷ ಬಂದಿದ್ದೆಲ್ಲ ಕೊಟ್ಟರೆ ಸಾಲ ತೀರುತ್ತೆ. ಆದರೆ ಒಪ್ಪಂದ ಕೊಟ್ಟ ಟೈಮ್ ಎಷ್ಟು? ಅರ್ಧ ತಕ್ಷಣ, ಉಳಿದರ್ಧ ನಾಲ್ಕು ನಾಲ್ಕು ತಿಂಗಳಿನ ಮೂರು ಕಂತಲ್ಲಿ. ಒಂದೇ ವರ್ಷ.

ಹಾಗಾದ್ರೆ ಹಣ ಎಲ್ಲಿಂದ ಬಂತು? ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಕೊಡುವ ಲೆಕ್ಕದ ಪ್ರಕಾರ 1 ಕೋಟಿ 10 ಲಕ್ಷ ಖಜಾನೆಯಿಂದ, 60 ಲಕ್ಷ ಸೈನ್ಯದವರಿಂದ ಕಾಣಿಕೆಯ ಹೆಸರಲ್ಲಿ, ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳು ಮತ್ತು ಜನರಿಂದ. ವಿಲ್ಕ್ಸ್ ಕಂಪನಿಯ ಕಡೆಯವನು, ಟಿಪ್ಪುವನ್ನ ಕಂಡರೆ ಆಗದವನು, ಅದನ್ನ ನೆನಪಲ್ಲಿ ಇಟ್ಟುಕೊಂಡೇ ಓದಬೇಕು. ಆದರೂ ಈ ಮೂರು ಅಂಕಿಯಲ್ಲಿ ದೊಡ್ಡದು ಯಾವುದು ಅನ್ನೋದೇ ನನ್ನನ್ನ ನಿಲ್ಲಿಸಿದ್ದು. ತಿರುವಾಂಕೂರಿನ ಗೋಡೆ ಒಡೀಬೇಕು ಅಂತ ತೀರ್ಮಾನ ಮಾಡಿದ್ದು ಒಬ್ಬ ಸುಲ್ತಾನ. ಆ ತೀರ್ಮಾನದ ಬಿಲ್‌ನ ಹೆಚ್ಚುಕಡಿಮೆ ಅರ್ಧ ಮಂಡ್ಯದ, ಕೋಲಾರದ, ಚಿತ್ರದುರ್ಗದ ಕಡೆಯ ಊರುಗಳ ಮೇಲೆ ಬಂತು. ಆ ರೈತನನ್ನ ಯುದ್ಧಕ್ಕೆ ಮೊದಲೂ ಯಾರೂ ಕೇಳಲಿಲ್ಲ, ಒಪ್ಪಂದಕ್ಕೆ ಮೊದಲೂ ಕೇಳಲಿಲ್ಲ. ಮರಾಠರ ಕುದುರೆ ಸವಾರರು ಬೆಳೆ ಹಾಳು ಮಾಡಿ ಹೋದ ಹೊಲದಿಂದ್ಲೇ ಆ ದುಡ್ಡು ಹುಟ್ಟಬೇಕಿತ್ತು.

ಒತ್ತೆ ಇಟ್ಟ ಮಕ್ಕಳು ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ಒಬ್ಬನಿಗೆ ಹತ್ತು, ಇನ್ನೊಬ್ಬನಿಗೆ ಎಂಟರ ಆಸುಪಾಸು. ಕಾರ್ನ್‌ವಾಲಿಸ್ ಇವರನ್ನ ಕೈಹಿಡಿದು ಬರಮಾಡಿಕೊಂಡ ದೃಶ್ಯವನ್ನ ರಾಬರ್ಟ್ ಹೋಮ್, ಮಾಥರ್ ಬ್ರೌನ್ ಮುಂತಾದ ಚಿತ್ರಕಾರರು ಬರೆದರು. ಲಂಡನ್ನಿನಲ್ಲಿ ಅದರ ಪ್ರಿಂಟ್‌ಗಳು ಮಾರಾಟ ಆದವು. ನೆಟ್ಟಲ್ಲಿ ಹುಡುಕಿ ನೋಡಿ, ಆನೆ, ಡೇರೆ, ಕೆಂಪು ಕೋಟು, ಎಲ್ಲ ಭರ್ಜರಿಯಾಗಿದೆ. ಆ ಚಿತ್ರಗಳಲ್ಲಿ ಗೆದ್ದವನು ತಂದೆಯ ಹಾಗೆ ಕಾಣ್ತಾನೆ. ಮಕ್ಕಳು ಮದ್ರಾಸಿಗೆ ಹೋದರು, ಹಣ ತೀರಿದ ಮೇಲೆ 1794ರಲ್ಲಿ ದೇವನಹಳ್ಳಿಯಲ್ಲಿ ಅಪ್ಪನ ಹತ್ತಿರ ವಾಪಸ್ ಬಂದರು. ಅವರನ್ನ ಚೆನ್ನಾಗೇ ನೋಡಿಕೊಂಡರು ಅಂತ ದಾಖಲೆಗಳು ಹೇಳುತ್ತವೆ. ಅದು ನಿಜವೇ ಇರಲಿ. ನನ್ನ ತಮ್ಮನಿಗೆ ಈಗ ಒಂಬತ್ತು ವರ್ಷ. ಒಂದು ರಾತ್ರಿ ಅಜ್ಜಿ ಮನೆಯಲ್ಲಿ ಬಿಟ್ಟರೆ ಅಮ್ಮನಿಗೆ ಫೋನ್ ಮಾಡಿ ಮಾಡಿ ಸಾಕು ಮಾಡ್ತಾನೆ.

ಇಲ್ಲಿವರೆಗೆ ಬರೆದು ರೂಮ್‌ಮೇಟ್‌ಗೆ ತೋರಿಸಿದೆ. ಅವನು ಮಡಿಕೇರಿ ಹತ್ತಿರದವನು. ಓದಿ ಫೋನ್ ಪಕ್ಕಕ್ಕಿಟ್ಟು, "ಕೊಡಗು ಹೋಯಿತು ಅಂತ ಬರ್ದಿದ್ದೀಯಲ್ಲ, ಯಾರಿಗೆ ಹೋಯಿತು? ನಮಗೆ ಬಂತು ಅದು" ಅಂದ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಡಗಿನ ಮೇಲೆ ಟಿಪ್ಪು ಮತ್ತೆ ಮತ್ತೆ ದಂಡೆತ್ತಿ ಹೋಗಿದ್ದು, ಸಾವಿರಾರು ಜನರನ್ನ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, ಮತಾಂತರ ಮಾಡಿಸಿದ್ದು ಅಲ್ಲಿನ ಮನೆಗಳಲ್ಲಿ ಇವತ್ತಿಗೂ ಮಾತಾಡುವ ವಿಷಯ. ಮಂಗಳೂರು ಕಡೆಯ ಕ್ರೈಸ್ತರೂ 1784ರಲ್ಲಿ ಸೆರೆಯಾಗಿ ಹೋದವರೇ. ದೊಡ್ಡವೀರರಾಜೇಂದ್ರ ಈ ಯುದ್ಧದಲ್ಲಿ ಕಂಪನಿಯ ಪರ ನಿಂತಿದ್ದು ಸುಮ್ಮನೆ ಅಲ್ಲ. ಅವನ ಜನಕ್ಕೆ 1792 ಅಂದ್ರೆ ಬಿಡುಗಡೆ.

ಆದರೆ ಇಲ್ಲೇ ಒಂದು ವಿಚಿತ್ರ ಇದೆ. ಮೊದಲ ಕರಾರಿನಲ್ಲಿ ಬರೆದಿದ್ದು, ಬಿಟ್ಟುಕೊಡುವ ನೆಲ ಮಿತ್ರರ ಸೀಮೆಗೆ ಹೊಂದಿಕೊಂಡಿರಬೇಕು ಅಂತ. ಅದಕ್ಕೆ ಟಿಪ್ಪು ಒಪ್ಪಿದ, ಮಕ್ಕಳನ್ನ ಕಳಿಸಿದ, ಹಣದ ಮೊದಲ ಭಾಗ ಹೊರಟಿತು. ಆಮೇಲೆ ಪಟ್ಟಿಯಲ್ಲಿ ಕೊಡಗಿನ ಹೆಸರು ಬಂತು. ಕೊಡಗು ಕಂಪನಿಯ ಯಾವ ಹಳೆಯ ಸೀಮೆಗೆ ಅಂಟಿಕೊಂಡಿತ್ತು? ಅದು ಇರೋದು ಶ್ರೀರಂಗಪಟ್ಟಣದ ಹಿತ್ತಲಲ್ಲಿ. ಟಿಪ್ಪು ಕೆಂಡಾಮಂಡಲ ಆದ. ಕಾರ್ನ್‌ವಾಲಿಸ್ ಮತ್ತೆ ಮುತ್ತಿಗೆಗೆ ತಯಾರಿ ಶುರು ಮಾಡಿಸಿದ. ಮಕ್ಕಳು ಆಗಲೇ ಅವನ ಡೇರೆಯಲ್ಲಿ. ಟಿಪ್ಪು ಸಹಿ ಹಾಕಿದ.

ನೋಡಿ, ಷರತ್ತಿನ ಮಾತು ಮುರಿದಿದ್ದು ಗೆದ್ದವನು, ಅದರಿಂದ ಕೊಡವರಿಗೆ ಆಗಿದ್ದು ಒಳ್ಳೆಯದು. ಎರಡೂ ಒಟ್ಟಿಗೆ ನಿಜ. ಸೋತ ರಾಜನಿಗೆ ನ್ಯಾಯವಾ ಅಂತ ಕೇಳಿದರೆ ಒಂದು ಉತ್ತರ, ಅವನ ಕೈಕೆಳಗೆ ನರಳಿದವರಿಗೆ ನ್ಯಾಯವಾ ಅಂತ ಕೇಳಿದರೆ ಬೇರೆ ಉತ್ತರ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಜಗಳಕ್ಕೆ ನಮ್ಮಲ್ಲಿ ಪ್ರತಿ ನವೆಂಬರ್‌ನಲ್ಲಿ ಜನ ರೆಡಿ ಇರ್ತಾರೆ. ನಾನು ಆ ಕಡೆ ಹೋಗಲ್ಲ, ಯಾಕಂದ್ರೆ ಆ ಜಗಳ ಒಪ್ಪಂದವನ್ನ ಅಳೆಯೋಕೆ ಸಹಾಯ ಮಾಡಲ್ಲ. ಕೆಟ್ಟ ರಾಜನ ಮೇಲೆ ಅನ್ಯಾಯದ ಒಪ್ಪಂದ ಹೇರಬಹುದು, ಒಳ್ಳೆಯ ರಾಜನ ಮೇಲೆ ನ್ಯಾಯದ ದಂಡ ಬೀಳಬಹುದು. ಒಪ್ಪಂದ ಅಳೆಯೋಕೆ ಬೇರೆ ಪ್ರಶ್ನೆ ಬೇಕು: ಹಣ ಕೊಡೋರು ತಪ್ಪು ಮಾಡಿದೋರೇನಾ? ಕೊಟ್ಟು ಮುಗಿಸಿದ ಮೇಲೆ ಹೊರಗೆ ಬರೋ ದಾರಿ ಇದ್ಯಾ? ಬರೆದ ಮಾತನ್ನ ಬರೆದವನೇ ಪಾಲಿಸಬೇಕಾ?

1792ಕ್ಕೆ ಮೊದಲ ಪ್ರಶ್ನೆಯಲ್ಲಿ ಫೇಲ್, ಮೂರನೆಯದರಲ್ಲೂ ಫೇಲ್. ಎರಡನೆಯದರಲ್ಲಿ ಪಾಸ್ ಅನ್ನಬಹುದು. ಹಣ ಕಟ್ಟಿದ, ಮಕ್ಕಳು ಬಂದರು, ಉಳಿದರ್ಧ ರಾಜ್ಯ ಅವನದೇ. ಮುಗೀತು.

ಹೀಗೆ ಅಂಕ ಹಾಕುತ್ತಾ ಹೋದಾಗ ನನಗೆ ಆಶ್ಚರ್ಯ ಆಗಿದ್ದು 1799ರ ಒಪ್ಪಂದ ನೋಡಿ. ಇದನ್ನ ನಾವು ಯಾವತ್ತೂ 'ಸೋತವರ ಮೇಲೆ ಹೇರಿದ ಒಪ್ಪಂದ' ಅಂತ ಕರೆಯೋದೇ ಇಲ್ಲ. ನಮ್ಮ ಪುಸ್ತಕದಲ್ಲಿ ಅದರ ಹೆಸರು ಒಡೆಯರ್ ವಂಶದ ಪುನಃಸ್ಥಾಪನೆ. 1799ರ ಮೇ 4ರಂದು ಟಿಪ್ಪು ಕೋಟೆಯ ಒಳಗೆ ಹೋರಾಡುತ್ತಾ ಸತ್ತ. ಜೂನ್ 22ಕ್ಕೆ ಕಂಪನಿ ಮತ್ತು ನಿಜಾಮ ಕೂತು ರಾಜ್ಯ ಹಂಚುವ ಒಪ್ಪಂದ ಮಾಡಿಕೊಂಡರು. ಕಂಪನಿಗೆ ಇಡೀ ಕೆನರಾ ಕರಾವಳಿ, ಕೊಯಮತ್ತೂರು, ವಯನಾಡು, ಜೊತೆಗೆ ಶ್ರೀರಂಗಪಟ್ಟಣದ ದ್ವೀಪವೇ. ನಿಜಾಮನಿಗೆ ಉತ್ತರ, ಪೂರ್ವದ ಭಾಗ. ಮಧ್ಯದಲ್ಲಿ ಉಳಿದಿದ್ದನ್ನ ಮೈಸೂರಿನ ಹಳೆಯ ರಾಜವಂಶಕ್ಕೆ. ಜೂನ್ 30ಕ್ಕೆ ಪಟ್ಟಾಭಿಷೇಕ. ಪಟ್ಟಕ್ಕೆ ಕೂತ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಇನ್ನೂ ಐದು ವರ್ಷ ತುಂಬಿರಲಿಲ್ಲ.

ಇದನ್ನ ದಯೆ ಅಂತ ಓದಬಹುದು. ಮಹಾರಾಣಿ ಲಕ್ಷ್ಮಮ್ಮಣ್ಣಿ ಎಷ್ಟೋ ವರ್ಷದಿಂದ ಗುಟ್ಟಾಗಿ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದ್ದೇ ಇದಕ್ಕೋಸ್ಕರ. ಹೈದರ್ ಕಾಲದಿಂದ ಹೆಸರಿಗಷ್ಟೇ ರಾಜರಾಗಿದ್ದ ಮನೆಗೆ ಅಧಿಕಾರ ವಾಪಸ್ ಬಂತು. ಆದರೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಲೆಕ್ಕ ಬೇರೆ. ಎಲ್ಲವನ್ನೂ ಕಂಪನಿ ಮತ್ತು ನಿಜಾಮನೇ ನುಂಗಿದರೆ ಮರಾಠರು ಸುಮ್ಮನಿರಲ್ಲ. ಮಧ್ಯದಲ್ಲೊಂದು ಮಕ್ಕಳ ರಾಜ್ಯ ಇದ್ದರೆ ಎಲ್ಲರಿಗೂ ಸಮಾಧಾನ, ಕೈಗೆ ಹಿಡಿತ.

ಜುಲೈ 8ಕ್ಕೆ ಈ ಹೊಸ ರಾಜ್ಯದ ಜೊತೆ ಇನ್ನೊಂದು ಒಪ್ಪಂದ, ಸಹಾಯಕ ಸೈನ್ಯ ಪದ್ಧತಿಯದು. ನಾನು ನಿಮ್ಮನ್ನ ಇಲ್ಲಿ ಸ್ವಲ್ಪ ಹೊತ್ತು ಕೂರಿಸಬೇಕು, ಯಾಕಂದ್ರೆ ಇದರ ಷರತ್ತುಗಳನ್ನ ಯಾರೂ ಓದಿಸಲ್ಲ. ಕಂಪನಿ ಮೈಸೂರಿನಲ್ಲಿ ಸೈನ್ಯ ಇಡುತ್ತೆ. ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕೊಡಬೇಕು, ತಿಂಗಳ ಕಂತಿನಲ್ಲಿ. ಒಂದು ಪಗೋಡಕ್ಕೆ ಮೂರೂವರೆ ರೂಪಾಯಿ, ಹಾಗಾಗಿ 24.5 ಲಕ್ಷ ರೂಪಾಯಿ. ಯುದ್ಧ ಬಂದರೆ ಇನ್ನೂ ಹೆಚ್ಚು. ಬೇರೆ ಯಾವ ರಾಜ್ಯಕ್ಕೂ ಕಂಪನಿಗೆ ತಿಳಿಸದೆ ಪತ್ರ ಬರೆಯೋ ಹಾಗಿಲ್ಲ. ಹಣಕಾಸು, ಆಡಳಿತ, ವ್ಯಾಪಾರ ಯಾವುದರ ಬಗ್ಗೆ ಕಂಪನಿ ಸಲಹೆ ಕೊಟ್ಟರೂ ಕಿವಿಗೆ ಹಾಕಿಕೊಳ್ಳಲೇಬೇಕು. ನಾಲ್ಕನೇ ಷರತ್ತು ಎಲ್ಲದಕ್ಕಿಂತ ದೊಡ್ಡದು: ಹಣ ಬರಲ್ಲ ಅನ್ನೋ ಅನುಮಾನಕ್ಕೆ ಕಾರಣ ಇದ್ದರೆ ಸಾಕು, ಗವರ್ನರ್ ಜನರಲ್ ರಾಜ್ಯದ ಯಾವ ಭಾಗವನ್ನ ಬೇಕಾದರೂ ತನ್ನ ಆಡಳಿತಕ್ಕೆ ತಗೋಬಹುದು. ಹಣ ತಪ್ಪಬೇಕಾಗಿಲ್ಲ. ತಪ್ಪಬಹುದು ಅನ್ನಿಸಿದರೆ ಸಾಕು.

ಹಂಚಿಕೆ ಒಪ್ಪಂದದ ಪಟ್ಟಿಯಲ್ಲಿ ಮೈಸೂರಿಗೆ ಬಿಟ್ಟ ಸೀಮೆಯ ಕಂದಾಯ 13,74,076 ಕಂಠೀರಾಯ ವರಹ. ಒಂದು ವರಹಕ್ಕೆ ಮೂರು ರೂಪಾಯಿ ಅಂತ ಹಿಡಿದರೆ 41 ಲಕ್ಷ ರೂಪಾಯಿ. ಅದರಲ್ಲಿ 24.5 ಲಕ್ಷ ಕಂಪನಿಗೆ. ನೂರಕ್ಕೆ ಅರವತ್ತರ ಹತ್ತಿರ! ಪಟ್ಟಿಯ ಅಂಕಿ ಕಮ್ಮಿ ಅಂದಾಜಿನದು, ದಿವಾನ್ ಪೂರ್ಣಯ್ಯ ಅದಕ್ಕಿಂತ ಬಹಳ ಹೆಚ್ಚು ವಸೂಲಿ ಮಾಡಿದರು ಅನ್ನೋದು ನಿಜ. ಆದರೆ ಹೆಚ್ಚು ವಸೂಲಿ ಅಂದ್ರೆ ಮತ್ತೆ ಅದೇ ರೈತನ ಮನೆ ಬಾಗಿಲು ತಾನೇ?

1792ರದು ಫೈನ್ ಕಟ್ಟಿದ ಹಾಗೆ. ಜೀವ ಹಿಂಡುವಷ್ಟು ಫೈನ್, ಆದರೆ ರಸೀದಿ ಸಿಗುತ್ತೆ. 1799ರದು ಕೊನೆ ಕಂತೇ ಇಲ್ಲದ ಇಎಂಐ. ಸಾಲ ಮಾಡಿದವನು ಸತ್ತು ಹೋಗಿದ್ದಾನೆ, ಕಂತು ಕಟ್ಟೋದು ಯುದ್ಧವನ್ನೇ ಮಾಡದ ಒಂದು ಮಗು, ಆ ಮಗುವಿನ ಹೆಸರಲ್ಲಿ ಜನ. ಲೆಕ್ಕ ಹಾಕಿದೆ. 1881ರ ಮಾರ್ಚ್ 25ಕ್ಕೆ ಮೈಸೂರು ಚಾಮರಾಜ ಒಡೆಯರ ಕೈಗೆ ವಾಪಸ್ ಬಂದಾಗ ಈ ಮೊತ್ತವನ್ನ 35 ಲಕ್ಷಕ್ಕೆ ಏರಿಸಿದರು. 1876–78ರ ಭೀಕರ ಬರದಿಂದ ರಾಜ್ಯ ಎದ್ದೇ ಇರಲಿಲ್ಲವಾದ್ದರಿಂದ ಏರಿಕೆ 1896ರವರೆಗೆ ಮುಂದೆ ಹೋಯಿತು. 1927ರಲ್ಲಿ ವೈಸ್‌ರಾಯ್ ಇರ್ವಿನ್ ಆ ಹತ್ತೂವರೆ ಲಕ್ಷದ ಏರಿಕೆಯನ್ನ ಬಿಟ್ಟುಕೊಟ್ಟರು. ಒಪ್ಪಂದದ ದರದಲ್ಲೇ ಕೂಡಿಸಿದರೆ 97 ವರ್ಷಕ್ಕೆ 24.5 ಲಕ್ಷದಂತೆ 23.8 ಕೋಟಿ, ಆಮೇಲೆ 32 ವರ್ಷಕ್ಕೆ 35 ಲಕ್ಷದಂತೆ 11.2 ಕೋಟಿ. ಒಟ್ಟು 35 ಕೋಟಿ. ಟಿಪ್ಪುವಿಗೆ ಹಾಕಿದ ದಂಡದ ಹತ್ತು ಪಟ್ಟಿಗಿಂತ ಜಾಸ್ತಿ. ರೂಪಾಯಿಯ ಬೆಲೆ ಅಷ್ಟು ವರ್ಷದಲ್ಲಿ ಬದಲಾಗಿದೆ, ಇದು ಒರಟು ಲೆಕ್ಕ, ಲ್ಯಾಬ್ ರೆಕಾರ್ಡಲ್ಲಿ ಇದನ್ನ ಬರೆದರೆ ಮೇಡಂ ಹೊಡೆದು ಹಾಕ್ತಾರೆ. ಆದರೂ ಗಾತ್ರ ಗೊತ್ತಾಗುತ್ತೆ.

ಇದು ಸುಮ್ಮನೆ ಕೊಟ್ಟ ಹಣ ಅಲ್ಲ, ಸೈನ್ಯದ ರಕ್ಷಣೆಗೆ ಕೊಟ್ಟ ಬಾಡಿಗೆ ಅಂತ ಯಾರಾದ್ರೂ ಹೇಳಬಹುದು. ಸರಿ. ಆದರೆ ಆ ರಕ್ಷಣೆ ಬೇಡ ಅನ್ನೋ ಹಕ್ಕು ಮೈಸೂರಿಗೆ ಇರಲಿಲ್ಲ. ಕಂಪನಿ ಮರಾಠರ ಮೇಲೆ ಯುದ್ಧಕ್ಕೆ ಹೋದಾಗ ಮೈಸೂರಿನ ಸವಾರರೂ ಜೊತೆಗೆ ಹೋಗಬೇಕಾಯಿತು.

ನಾಲ್ಕನೇ ಷರತ್ತು 32 ವರ್ಷ ಕಾದು ಕೂತಿತ್ತು. 1830ರಲ್ಲಿ ನಗರ ಸೀಮೆಯ ರೈತರು ತೆರಿಗೆ ಮತ್ತು ಅಧಿಕಾರಿಗಳ ಕಾಟ ತಾಳಲಾರದೆ ಕೂಟ ಕಟ್ಟಿಕೊಂಡು ದಂಗೆ ಎದ್ದರು. ಅರಮನೆಯ ದುಂದು, ಅಧಿಕಾರಿಗಳ ಲಂಚ, ಕಂದಾಯ ಗುತ್ತಿಗೆ, ಎಲ್ಲ ಕಾರಣವೂ ಇತ್ತು. ಮಹಾರಾಜರ ತಪ್ಪು ಇಲ್ಲ ಅಂತ ನಾನು ಹೇಳಲ್ಲ. ಆದರೆ ವರಮಾನದ ಅಷ್ಟು ದೊಡ್ಡ ಭಾಗ ಪ್ರತಿ ವರ್ಷ ಮೊದಲೇ ಹೊರಗೆ ಹೋಗುವ ರಾಜ್ಯದಲ್ಲಿ ವಸೂಲಿ ಗಟ್ಟಿಯಾಗೋದು ಸಹಜ ಅಲ್ವಾ? 1831ರಲ್ಲಿ ಬೆಂಟಿಂಕ್ ಅದೇ ಷರತ್ತು ತೋರಿಸಿ ರಾಜ್ಯವನ್ನ ತೆಗೆದುಕೊಂಡ. ಮೂರು ವರ್ಷ ಕಳೆದ ಮೇಲೆ, ಇಡೀ ರಾಜ್ಯ ತೆಗೆದುಕೊಂಡಿದ್ದು ಒಪ್ಪಂದಕ್ಕೆ ಸರಿಹೊಂದುತ್ತಾ ಅನ್ನೋ ಅನುಮಾನವನ್ನ ತನ್ನ ಮೇಲಿನವರಿಗೆ ಬರೆದು ತಿಳಿಸಿದವನೂ ಬೆಂಟಿಂಕೇ. ಅನುಮಾನ ಬಂದರೂ ರಾಜ್ಯ ವಾಪಸ್ ಬರಲಿಲ್ಲ, ಇನ್ನೂ 47 ವರ್ಷ ಬೇಕಾಯಿತು. ಮುಮ್ಮಡಿಯವರು ಅದನ್ನ ನೋಡಲೇ ಇಲ್ಲ, 1868ರಲ್ಲಿ ತೀರಿಹೋದರು.

ಈಗ ವರ್ಸೇಲ್ಸ್‌ಗೆ ಹೋಗೋಣ, ಸೀನಿಯರ್ ಕ್ಷಮಿಸಲಿ. ಅಲ್ಲೂ ಇದೇ ಗಂಟು ಇದೆ. 231ನೇ ವಿಧಿಯಲ್ಲಿ ಯುದ್ಧದ ಹೊಣೆ ಜರ್ಮನಿ ಮತ್ತು ಅದರ ಮಿತ್ರರ ಮೇಲೆ. 1921ರಲ್ಲಿ ಮೊತ್ತ ನಿಗದಿಯಾಯ್ತು, 13,200 ಕೋಟಿ ಚಿನ್ನದ ಮಾರ್ಕ್. ಸಹಿ ಹಾಕಿದ್ದು ಯುದ್ಧ ಮಾಡಿದ ಚಕ್ರವರ್ತಿಯಲ್ಲ, ಅವನು ಹಾಲೆಂಡಿಗೆ ಓಡಿಹೋಗಿದ್ದ. ಸಹಿ ಹಾಕಿದ್ದು ಆಗಷ್ಟೇ ಹುಟ್ಟಿದ ಗಣರಾಜ್ಯ. ಅಲ್ಲಿನ ಬಾಕಿ ಬಾಂಡ್‌ಗಳ ಕೊನೆಯ ಕಂತು ತೀರಿದ್ದು 2010ರಲ್ಲಿ, ನಾವು ಇನ್ನೂ ಪುಟ್ಟ ಮಕ್ಕಳಾಗಿದ್ದಾಗ. ಕೇನ್ಸ್ ಆ ಸಮ್ಮೇಳನದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಅದೇ ವರ್ಷ ಪುಸ್ತಕ ಬರೆದ. ಜರ್ಮನಿಗೆ ಕೊಡೋಕಾಗದ್ದನ್ನ ಕೇಳ್ತಿದ್ದೀರಿ ಅನ್ನೋದು ಅವನ ವಾದ. ಎಲ್ಲರೂ ಇದನ್ನ ಒಪ್ಪಲ್ಲ. ಫ್ರಾನ್ಸಿನವರನ್ನ ಕೇಳಿದರೆ ಅವರ ಹಳ್ಳಿಗಳನ್ನ, ಗಣಿಗಳನ್ನ ಹಾಳು ಮಾಡಿದ್ದಕ್ಕೆ ಯಾರು ಕಟ್ಟಬೇಕಿತ್ತು ಅಂತಾರೆ. ಅದೂ ಸರಿಯೇ, ನನ್ನ ಮಡಿಕೇರಿ ರೂಮ್‌ಮೇಟ್ ಕೇಳಿದ ಹಾಗೆ. 1871ರಲ್ಲಿ ಜರ್ಮನಿಯೇ ಫ್ರಾನ್ಸಿನ ಮೇಲೆ 500 ಕೋಟಿ ಫ್ರಾಂಕ್ ಹಾಕಿತ್ತು. ಫ್ರಾನ್ಸ್ 1873ರೊಳಗೆ ಕಟ್ಟಿ ಮುಗಿಸಿತು, ಜರ್ಮನ್ ಸೈನ್ಯ ಹೊರಟಿತು. ಆದರೆ ಅಲ್ಸೇಸ್ ಮತ್ತು ಲೊರೇನ್ ವಾಪಸ್ ಬರಲಿಲ್ಲ. ಹಣ ಮರೆತರು, ನೆಲ ಮರೆಯಲಿಲ್ಲ.

ಬೇರೆ ತರಹವೂ ಮಾಡಬಹುದಿತ್ತು ಅನ್ನೋದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಸಿಕ್ಕಿತು. 1951ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜಪಾನಿನ ಜೊತೆ ಶಾಂತಿ ಒಪ್ಪಂದ ಆದಾಗ ಭಾರತ ಹೋಗಲೇ ಇಲ್ಲ. 1952ರ ಜೂನ್ 9ಕ್ಕೆ ಟೋಕಿಯೋದಲ್ಲಿ ತಾನೇ ಬೇರೆ ಒಪ್ಪಂದ ಮಾಡಿಕೊಂಡು, ಯುದ್ಧ ಪರಿಹಾರದ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿತು. ಅಷ್ಟಕ್ಕೇ ಭಾರತ ದೊಡ್ಡದು ಅಂತ ಕಾಲರ್ ಎತ್ತಬೇಡಿ, ಜಪಾನ್ ಹಾಳು ಮಾಡಿದ ಊರುಗಳಲ್ಲಿ ಹೆಚ್ಚಿನವು ನಮ್ಮವಾಗಿರಲಿಲ್ಲ. ಬಿಟ್ಟುಕೊಡೋದು ನಮಗೆ ಸ್ವಲ್ಪ ಸುಲಭ ಇತ್ತು.

ನೆಲದ ಮಾತು ಬಂತಲ್ಲ. 1792ರಲ್ಲಿ ಹೋದ ಬಾರಾಮಹಲ್‌ನ ಕೃಷ್ಣಗಿರಿ ಇವತ್ತು ತಮಿಳುನಾಡು. 1799ರಲ್ಲಿ ಕಂಪನಿಗೆ ಹೋದ ಕೊಯಮತ್ತೂರು ಸೀಮೆಯ ಒಳಗೆ ಕೊಳ್ಳೇಗಾಲ ಇತ್ತು. ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ನಾವು ಬಸ್ ಬದಲಾಯಿಸುವ ಕೊಳ್ಳೇಗಾಲ 1956ರವರೆಗೆ ಮದ್ರಾಸಿನವರದ್ದು. ಕೆನರಾ ಮೊದಲು ಮದ್ರಾಸಿನ ಕೈಕೆಳಗೆ, 1862ರಲ್ಲಿ ಉತ್ತರ ಭಾಗ ಬಾಂಬೆಗೆ. 1956ರಲ್ಲಿ ಬಾಕಿ ಎಲ್ಲ ವಾಪಸ್ ಬಂದಾಗ ಕಾಸರಗೋಡು ಕೇರಳಕ್ಕೆ ಹೋಯ್ತು. ಇದಕ್ಕೆಲ್ಲ ಒಪ್ಪಂದವೇ ಕಾರಣ ಅಂದ್ರೆ ಉತ್ಪ್ರೇಕ್ಷೆ, ಮಧ್ಯೆ ನೂರೈವತ್ತು ವರ್ಷದ ಎಷ್ಟೋ ತೀರ್ಮಾನಗಳಿವೆ. ಆದರೆ ಒಂದೇ ಕಂದಾಯ ಪುಸ್ತಕದಲ್ಲಿದ್ದ ಊರುಗಳು ಬೇರೆ ಬೇರೆ ಪುಸ್ತಕಕ್ಕೆ ಹೋಗಿದ್ದು ಆ ಎರಡು ಡೇರೆಗಳಲ್ಲಿ. ನಾವು 'ಏಕೀಕರಣ' ಅನ್ನುವಾಗ ಒಡೆದಿದ್ದು ಯಾವಾಗ ಅಂತ ಯೋಚನೆ ಮಾಡಲ್ಲ.

ಕರಡನ್ನ ಇನ್ನೊಂದು ಸಲ ರೂಮಲ್ಲಿ ಓದಿದೆ. ಮಡಿಕೇರಿಯವನು, "1834 ಬರಿ" ಅಂದ. ಹೌದು, 1792ರಲ್ಲಿ ಕೊಡಗನ್ನ ಬಿಡಿಸಿಕೊಂಡ ಅದೇ ಕಂಪನಿ 1834ರಲ್ಲಿ ಚಿಕ್ಕವೀರರಾಜೇಂದ್ರನನ್ನ ಇಳಿಸಿ ಕೊಡಗನ್ನ ತಾನೇ ಇಟ್ಟುಕೊಂಡಿತು. ಬಿಡುಗಡೆ 42 ವರ್ಷ ನಡೀತು. ಅಷ್ಟರಲ್ಲಿ ಇನ್ನೊಂದು ಮಂಚದಿಂದ ಬಳ್ಳಾರಿಯವನು ಇಯರ್‌ಫೋನ್ ತೆಗೆದು, "ನಮ್ಮೂರ್ ಎಲ್ಲೈತೋ ಇದ್ರಾಗ?" ಅಂದ. ಬಳ್ಳಾರಿ ನಿಜಾಮನ ಪಾಲಿಗೆ ಹೋಗಿತ್ತು. ನಿಜಾಮನೂ ಸಹಾಯಕ ಸೈನ್ಯದ ಬಾಡಿಗೆ ಕಟ್ಟಬೇಕಿತ್ತಲ್ಲ, ಅದಕ್ಕೆ 1792 ಮತ್ತು 1799ರಲ್ಲಿ ಸಿಕ್ಕಿದ್ದನ್ನೆಲ್ಲ 1800ರಲ್ಲಿ ಕಂಪನಿಗೇ ಕೊಟ್ಟುಬಿಟ್ಟ. ಗೆದ್ದವರ ಸಾಲಿನಲ್ಲಿ ಕೂತವನಿಗೂ ಅದೇ ಬಿಲ್. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅವನು ಬೆರಳಲ್ಲಿ ಎಣಿಸಿದ, ನೂರಾ ಐವತ್ಮೂರು ವರ್ಷ. "ಅದನ್ನೂ ಬರಕೋ" ಅಂತ ಹೇಳಿ ಇಯರ್‌ಫೋನ್ ವಾಪಸ್ ಹಾಕ್ಕೊಂಡ.